ಬಂಧುಗೃಹದ ಮಗು: ‘ಗೃಹಭಂಗ’ವನ್ನು ಕುರಿತು ಒಂದು ವಿಚಾರ

ತಾಯಿತಂದೆಗಳಿಲ್ಲದ, ಅಥವಾ ಅವರಿದ್ದೂ ಸಾಕಲಾರದ ಮಗುವನ್ನು ಬಂಧುಗಳು ಕರೆದುಕೊಂಡು ಹೋಗಿ ಸಾಕುವ ಪದ್ಧತಿಯು ನಮ್ಮಲ್ಲಿ ಪುರಾತನವಾದದ್ದು. ಇದಕ್ಕೆ ದತ್ತಕದಂತೆ ಹೋಮವಿಲ್ಲ, ನ್ಯಾಯಾಲಯದ ಅಪ್ಪಣೆಯಿಲ್ಲ, ಕಾಗದಪತ್ರವೂ ಇಲ್ಲ. ಜಾವಳಿ, ಕಳಸ, ಮೂಡಿಗೆರೆಗಳ ಕಡೆಯಲ್ಲಂತೂ ಮನೆಗೂ ಮನೆಗೂ ನಡುವೆ ತೋಟವೂ ಕಾಡೂ ಹಳ್ಳವೂ ಇರುವುದರಿಂದ, ಓದಿಗಾಗಿ ಮಗುವನ್ನು ಪೇಟೆಯ ಸೋದರಮಾವನ ಮನೆಯಲ್ಲಿಯೋ ಅಜ್ಜನ ಮನೆಯಲ್ಲಿಯೋ ಬಿಡುವುದು ಎಲ್ಲರೂ ಬಲ್ಲ ಸಂಗತಿ. ಶಾಲೆಯ ದಾಖಲೆಯಲ್ಲಿ ‘ಪೋಷಕರು’ ಎಂಬಲ್ಲಿ ‘ಮಾವ’ ಎಂದು ಬರೆದುಕೊಳ್ಳುವುದು ನನ್ನಂಥ ಉಪಾಧ್ಯಾಯರಿಗೆ ವಾಡಿಕೆಯೇ ಆಗಿತ್ತು. ಆ ಎರಡಕ್ಷರದ ಹಿಂದಿನ ಬಾಳನ್ನು ದಾಖಲೆಯು ಹೇಳದು. ಅದನ್ನು ಹೇಳಿದ ಕನ್ನಡ ಗ್ರಂಥಗಳಲ್ಲಿ ದಿವಂಗತ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಮುಖ್ಯವಾದದ್ದು. ಬಡತನದ ಕಥೆಯೆಂದೂ ನಂಜಮ್ಮನ ಧೈರ್ಯದ ಕಥೆಯೆಂದೂ ಅದನ್ನು ಕೊಂಡಾಡಿದವರು ಬಹುಮಂದಿ. ಪ್ರಕೃತದಲ್ಲಿ ಅವಳ ಕಿರಿಯ ಮಗ ವಿಶ್ವನ ಕಡೆಯಿಂದ ಅದನ್ನು ನೋಡೋಣ.

ಮೊದಲು ಪ್ರಾಚೀನರ ಮಾತು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಕಣ್ವಮಹರ್ಷಿಯು, ತನಗೆ ಹುಟ್ಟದ ಮಗಳಿಗೆ ತಾನು ತಂದೆಯಾದದ್ದು ಹೇಗೆಂಬುದಕ್ಕೆ ಧರ್ಮಶಾಸ್ತ್ರದ ಸಮಾಧಾನವನ್ನು ಕೊಡುತ್ತಾನೆ: ದೇಹವನ್ನು ಕೊಟ್ಟವನು, ಪ್ರಾಣವನ್ನು ಉಳಿಸಿದವನು, ಅನ್ನವನ್ನಿಟ್ಟವನು, ಈ ಮೂವರೂ ತಂದೆಯರೇ. ಕಾಳಿದಾಸನ ನಾಟಕದ ನಾಲ್ಕನೆಯ ಅಂಕದಲ್ಲಿ ಈ ಸಾಕುತಂದೆಯು ಪಡುವ ಸಂಕಟವನ್ನು ಅರಿಯದ ಸಹೃದಯರಿಲ್ಲ. ಆದರೆ ಐದನೆಯ ಅಂಕವನ್ನೂ ಅದರೊಡನೆ ಸೇರಿಸಿ ಓದಬೇಕು. ರಾಜನು ಒಲ್ಲೆನೆಂದಾಗ ಆಶ್ರಮದಿಂದ ಬಂದವರು ಅವನೊಡನೆ ವಾದಿಸಿಯಾರು. ಆದರೂ ಆಕೆಯನ್ನು ಹಿಂದಕ್ಕೆ ಕರೆದೊಯ್ಯದೆ ಅಲ್ಲಿಯೇ ಬಿಟ್ಟು ನಡೆಯುತ್ತಾರೆ. ಕಣ್ವನ ಪ್ರೀತಿ ಸುಳ್ಳಲ್ಲ. ಬೇಕಾದ ಗಳಿಗೆಯಲ್ಲಿ ಕಣ್ವನು ಅಲ್ಲಿರಲಿಲ್ಲ, ಅಷ್ಟೆ. ಪ್ರೀತಿಯು ಒಬ್ಬರಲ್ಲಿ, ಅಧಿಕಾರವು ಇನ್ನೊಬ್ಬರಲ್ಲಿ ಇರುವುದೇ ಸಾಕುಮಗುವಿನ ದುಃಖದ ಮೂಲವೆಂದು ನನ್ನ ಮತ.

ಭೈರಪ್ಪನವರ ಕಾದಂಬರಿಯು ಈ ತತ್ತ್ವವನ್ನು ಆಶ್ರಮದಿಂದ ಶಾನುಭೋಗರ ಮನೆಗೆ ಇಳಿಸಿದೆ. ಕಥೆ ನಡೆಯುವುದು ತಿಪಟೂರು, ಚನ್ನರಾಯಪಟ್ಟಣಗಳ ಬಯಲಿನಲ್ಲಿ. ನಮ್ಮ ಜಾವಳಿಯಲ್ಲಿ ಹುಟ್ಟಿದ ಹೇಮಾವತಿಯು ಇಂದು ಗೊರೂರಿನ ಅಣೆಕಟ್ಟಿನಿಂದ ಕಾಲುವೆಯಾಗಿ ಆ ಸೀಮೆಗೆ ಹರಿಯುತ್ತಾಳೆ. ಕಥೆಯ ಕಾಲದಲ್ಲಿ ಅಲ್ಲಿದ್ದುದು ಬರ ಮತ್ತು ಪ್ಲೇಗು. ಪ್ಲೇಗಿಗೆ ನಂಜಮ್ಮನ ಹಿರಿಯ ಮಕ್ಕಳಿಬ್ಬರೂ ತುತ್ತಾಗುತ್ತಾರೆ. ಮುಂದೆ ಅವಳೂ ತೀರಿಕೊಳ್ಳುತ್ತಾಳೆ. ಉಳಿದ ವಿಶ್ವನಿಗೆ ತಾಯಿಯ ತವರಾದ ನಾಗಲಾಪುರವೇ ಆಸರೆ. ಅಲ್ಲಿ ಮುದುಕಿ ಅಕ್ಕಮ್ಮನಿದ್ದಾಳೆ, ಸೋದರಮಾವ ಕಲ್ಲೇಶನಿದ್ದಾನೆ.

ಈಗ ಕಣ್ವನ ಮೂವರು ತಂದೆಯರನ್ನು ಇಲ್ಲಿ ಹುಡುಕಿರಿ. ದೇಹ ಕೊಟ್ಟ ಚೆನ್ನಿಗರಾಯನಿಗೆ ತನ್ನ ಹೊಟ್ಟೆಯೊಂದೇ ಲೋಕ. ಕಲ್ಲೇಶನ ಮನೆಯಲ್ಲಿ ಅನ್ನವುಂಟು, ಆದರೆ ಅದು ಹಂಗಿನ ಅನ್ನ. ತಬ್ಬಲಿಯಾದ ಮೊಮ್ಮಗಳನ್ನು ಸಾಕಿದ್ದ ಅಕ್ಕಮ್ಮನಲ್ಲಿ ವಾತ್ಸಲ್ಯವು ತುಂಬಿದೆ, ಆದರೆ ಆ ಮನೆಯಲ್ಲಿ ಅವಳ ಮಾತು ನಡೆಯದು. ಕೊನೆಗೆ ಮಗುವಿನ ಕೈ ಹಿಡಿಯುವವರು ಜಾತಿಯಿಂದಲೂ ರಕ್ತದಿಂದಲೂ ಹೊರಗಿನವರಾದ ಮಾದೇವಯ್ಯನವರು. ಅವರು ವಿಶ್ವನನ್ನು ಕರೆದುಕೊಂಡು ಊರು ಬಿಡುವಾಗ ತಂದೆಯಾದವನು ಏನೂ ಹೇಳಲಾರನು. ಬಾಯಿತುಂಬ ಹೊಗೆಸೊಪ್ಪಿನ ರಸ, ಮಾತಾಡಿದರೆ ಅದನ್ನು ಉಗುಳಬೇಕಾಗುತ್ತದೆ. ಒಂದು ಕಣ್ಣೀರೂ ಇಲ್ಲದ ಈ ಪ್ರಸಂಗದಲ್ಲಿ ಕರುಣೆಯು ಹಾಸ್ಯದ ಬೆನ್ನಿನ ಮೇಲೆ ಬರುತ್ತದೆ. ಔಚಿತ್ಯವೆಂದರೆ ಇದು.

ಕಾನೂನಿನ ಕಣ್ಣಿಗೆ ಆ ಮೌನಿಯೇ ಪೋಷಕನೆಂಬುದನ್ನು ನೆನೆದರೆ ಪ್ರಸಂಗವು ಇನ್ನೂ ತೀಕ್ಷ್ಣವಾಗುತ್ತದೆ. ಪೋಷಕರನ್ನು ನೇಮಿಸುವ ಅಧಿಕಾರವನ್ನು 1890ರ ಕಾಯಿದೆಯು ನ್ಯಾಯಾಲಯಕ್ಕೆ ಕೊಟ್ಟಿತ್ತು. ಹಳ್ಳಿಯ ಮನೆಯವರಲ್ಲಿ ಆ ಮೆಟ್ಟಿಲನ್ನು ಹತ್ತುವವರಾರು? ಹತ್ತದ ಕಾರಣ, ಸಾಕುವ ಮಾವನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ, ಮಗುವಿಗೆ ದೂರು ಹೇಳಲು ಜಾಗವಿಲ್ಲ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು (1936) ಇದರ ಪಕ್ಕದಲ್ಲಿಟ್ಟರೆ ಭೇದವು ಸ್ಪಷ್ಟವಾಗುತ್ತದೆ. ಅಲ್ಲಿಯೂ ತಂದೆಯಿಲ್ಲದ ಹೂವಯ್ಯನು ಚಿಕ್ಕಪ್ಪನ ಯಜಮಾನಿಕೆಯ ಮನೆಯಲ್ಲಿದ್ದಾನೆ, ಮನಸ್ತಾಪವೂ ಉಂಟು. ಆದರೆ ಅವನಿಗೆ ತಂದೆಯ ಪಾಲು ಇದೆ, ಪಾಲು ಕೇಳುವ ವಯಸ್ಸೂ ಇದೆ, ಬೇರೆಯಾಗಿ ಬಾಳಬಲ್ಲನು. ಬರಿಗೈಯ ಬಾಲಕ ವಿಶ್ವನಿಗೆ ಬೇರೆಯಾಗುವ ದಾರಿಯೆಂದರೆ ಬೀದಿಯೇ. ಆಸ್ತಿಯಿರುವ ಮಗುವಿಗೂ ಭಯವಿಲ್ಲದೆ ಇಲ್ಲ. ಆದುದರಿಂದಲೇ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಕಾಯಿದೆಯು, ಸುಮ್ಮನೆ ಸಾಕುತ್ತಿರುವೆನೆಂಬ ಕಾರಣದಿಂದ ಯಾರೂ ಮಗುವಿನ ಸ್ವತ್ತನ್ನು ಪರಭಾರೆ ಮಾಡಕೂಡದೆಂದು ವಿಧಿಸಿತು.

ಇಷ್ಟು ಗುಣವುಳ್ಳ ‘ಗೃಹಭಂಗ’ದಲ್ಲಿ ನನಗೆ ಕಾಣುವ ಕೊರತೆ ಒಂದುಂಟು. ಕಲ್ಲೇಶನ ಹೆಂಡತಿಯ ಕಾಠಿಣ್ಯವನ್ನು ಗ್ರಂಥಕರ್ತರು ಎಡೆಬಿಡದೆ ತೋರಿಸುತ್ತಾರೆ. ಅದರ ಒಳಗನ್ನು ಅಷ್ಟಾಗಿ ತೋರಿಸುವುದಿಲ್ಲ. ಮಗುವನ್ನು ತಂದು ಬಿಡುವವರು ಬೇರೆ. ಅದಕ್ಕೆ ಬಡಿಸುವವಳು, ಅದರ ಬಟ್ಟೆ ಒಗೆಯುವವಳು ಅತ್ತೆ. ಅವಳನ್ನು ಕೇಳಿದವರುಂಟೆ? ಗಂಡನೊಡನೆ ಸಾಮರಸ್ಯವಿಲ್ಲದ ಹೆಂಗಸಿನ ಮಡಿಲಿಗೆ ಪರರ ಮಗುವನ್ನು ಹಾಕಿ, ವಾತ್ಸಲ್ಯವು ಹುಟ್ಟಲಿಲ್ಲವೆಂದು ದೂರುವುದು ಸುಲಭ. ಭೈರಪ್ಪನವರು ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಕಷ್ಟಪಟ್ಟುದನ್ನು ಅವರ ಆತ್ಮಕಥೆ ‘ಭಿತ್ತಿ’ಯಲ್ಲಿ (1996) ಓದಬಹುದು. ನೋವು ಅಷ್ಟು ಹತ್ತಿರದ್ದಾದಾಗ ಎದುರಿನವರ ಮನಸ್ಸು ಮರೆಯಾಗುವುದು ಸಹಜ. ಸಹಜವಾದರೂ ಕೊರತೆ ಕೊರತೆಯೇ.

ಬಂಧುಗಳು ಸಾಕುವ ಪದ್ಧತಿಯನ್ನು ಈ ಗ್ರಂಥವು ಖಂಡಿಸುತ್ತದೆಯೆಂದು ಯಾರೂ ತಿಳಿಯಬಾರದು. ಅಕ್ಕಮ್ಮನಿಲ್ಲದಿದ್ದರೆ ವಿಶ್ವನಿಗೆ ನಾಗಲಾಪುರವೂ ಇರುತ್ತಿರಲಿಲ್ಲ. ನಮ್ಮ ಕಡೆಯಲ್ಲಿ ಎಷ್ಟೋ ಮಂದಿ ಓದಿ ಮುಂದೆ ಬಂದುದು ಅಜ್ಜಿ, ಅತ್ತೆ, ದೊಡ್ಡಮ್ಮಂದಿರ ಅನ್ನದಿಂದಲೇ. ಈಗ ಪಾಲಕರಿಲ್ಲದ ಮಗುವಿನ ಸಲುವಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುವ ದಾರಿಯುಂಟು. ಆದರೂ ಇಂಥ ತೀರ್ಮಾನಗಳು ಬಹುಮಟ್ಟಿಗೆ ನಮ್ಮ ಜಗಲಿಗಳ ಮೇಲೆಯೇ ಆಗುತ್ತವೆ. ಹಾಗೆ ಆಗುವಾಗ ಆ ಮನೆಯ ಹೆಂಗಸಿನ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಮಗುವಿಗೆ ಸ್ವತ್ತಿದ್ದರೆ ನಾಲ್ವರ ಎದುರಿಗೆ ಬರೆದಿಡಬೇಕು. ತಿಂಗಳಿಗೊಮ್ಮೆ ಬಂದು ‘ಹೇಗಿದ್ದೀಯಪ್ಪ?’ ಎಂದು ಮಗುವನ್ನೇ ಒಂಟಿಯಾಗಿ ಕೇಳಿ, ಅದರ ಉತ್ತರವನ್ನು ಮನೆಯವರ ಮುಂದೆ ಆಡಬಲ್ಲ ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು. ಮಾದೇವಯ್ಯನವರು ಎಲ್ಲ ಊರುಗಳಲ್ಲಿಯೂ ಸಿಕ್ಕುವುದಿಲ್ಲ.