ಬಾಯಿಯ ಶಿಲೀಂಧ್ರರೋಗಗಳ ನಿರ್ಣಯದಲ್ಲಿ ವರ್ಣಲೇಪನ ವಿಧಾನಗಳು: ಒಂದು ವಿಮರ್ಶೆ

ಬಾಯಿಯಿಂದ ಕೆರೆದು ತೆಗೆದ ಲೇಪಗಳಿಗೆ ಎರಡು ಮೂರು ಬಗೆಯ ಬಣ್ಣಗಳನ್ನು ಹಾಕಿ, ಯಾವುದು ಮೇಲೆಂದು ತೂಗಿ ನೋಡುವ ಪ್ರಬಂಧಗಳು ದಂತವೈದ್ಯ ವಿಭಾಗಗಳಲ್ಲಿ ಮೇಲಿಂದ ಮೇಲೆ ಸಿದ್ಧವಾಗುತ್ತಿರುತ್ತವೆ. ಅವುಗಳ ಹಿಂದಿನ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಸಾಮಾನ್ಯವಾಗಿ ಹಿಡಿಯುವ ಅಳತೆಗೋಲು ಈ ಕೆಲಸಕ್ಕೆ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಆ ಅಳತೆಗೋಲು ಯಾವುದು? ಸಾಬುರೋ ಮಾಧ್ಯಮದ ಮೇಲೆ ಬೆಳೆಸಿದ ಕೃಷಿ. ಅಲ್ಲಿ ಕ್ಯಾಂಡಿಡ ಬೆಳೆದರೆ ರೋಗವುಂಟು, ಬೆಳೆಯದಿದ್ದರೆ ಇಲ್ಲ ಎಂದು ಹಿಡಿದು, ಬಣ್ಣವು ಎಷ್ಟು ಸಲ ಅದರೊಡನೆ ಒಪ್ಪಿತೆಂದು ಎಣಿಸುತ್ತಾರೆ. ಆದರೆ ಕ್ಯಾಂಡಿಡ ಆಲ್ಬಿಕನ್ಸ್ ಆರೋಗ್ಯವಂತರಲ್ಲಿಯೂ ಅನೇಕರ ಬಾಯಲ್ಲಿ ನಿರುಪದ್ರವಿಯಾಗಿ ವಾಸಿಸುವ ಜೀವಿ. ಕೃಷಿಯು ಅದು ಇದೆಯೆಂದು ಹೇಳಬಲ್ಲುದು. ಅದು ಕೇಡು ಮಾಡುತ್ತಿದೆಯೆಂದು ಹೇಳಲಾರದು. ಅತಿಥಿಯಾಗಿರುವಾಗ ಅದು ಬಹುಮಟ್ಟಿಗೆ ಮೊಗ್ಗೊಡೆಯುವ ಗುಂಡು ಕೋಶಗಳ ರೂಪದಲ್ಲಿರುತ್ತದೆ. ಆಕ್ರಮಣಕ್ಕಿಳಿದಾಗ ಎಳೆಗಳನ್ನು ಚಾಚಿ ಮೇಲ್ಪೊರೆಯೊಳಗೆ ನುಗ್ಗುತ್ತದೆ. ಈ ಎಳೆಗಳನ್ನು ಕಾಣಿಸುವುದೇ ಬಣ್ಣದ ಮುಖ್ಯ ಪ್ರಯೋಜನ. ಹೀಗಿರುವಲ್ಲಿ, ಕೃಷಿಯಲ್ಲಿ ಬೆಳೆದರೂ ಲೇಪದಲ್ಲಿ ಎಳೆಗಳು ಕಾಣದ ಒಬ್ಬ ನಿರೋಗಿಯನ್ನು ಬಣ್ಣದ 'ಸೋಲು' ಎಂದು ಲೆಕ್ಕಕ್ಕೆ ಹಾಕುವುದು ವಿಚಿತ್ರವಲ್ಲವೆ? ಗುಣವೆಂದು ಎಣಿಸಬೇಕಾದುದು ದೋಷದ ಪಟ್ಟಿಗೆ ಸೇರುತ್ತದೆ.

ಬಣ್ಣಗಳಲ್ಲಿ ಹಳೆಯದು ಗ್ರಾಂ ವಿಧಾನ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಇದನ್ನು ಪ್ರಕಟಿಸಿದ್ದು ಅಂಗಾಂಶದಲ್ಲಿ ಬ್ಯಾಕ್ಟೀರಿಯಗಳನ್ನು ಎತ್ತಿ ತೋರಿಸುವುದಕ್ಕಾಗಿ. ಶಿಲೀಂಧ್ರಗಳಿಗೆ ಅದು ಒದಗಿಬಂದದ್ದು ಆಮೇಲೆ. ಕ್ಯಾಂಡಿಡ ಅದರಲ್ಲಿ ಗಾಢ ನೇರಳೆಯಾಗುತ್ತದೆ. ಅಗ್ಗ, ಶೀಘ್ರ, ಹೊರರೋಗಿ ವಿಭಾಗಕ್ಕೆ ಸಾಕು.

ಪಿ.ಎ.ಎಸ್. ವಿಧಾನದ ವಿಚಾರವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪೀರಿಯಾಡಿಕ್ ಆಮ್ಲವು ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಬಹುಶರ್ಕರಗಳನ್ನು ಉತ್ಕರ್ಷಿಸಿ ಆಲ್ಡಿಹೈಡುಗಳನ್ನು ಹುಟ್ಟಿಸುತ್ತದೆ. ಬಣ್ಣವಿಲ್ಲದ ಶಿಫ್ ದ್ರಾವಣ ಅವುಗಳೊಡನೆ ಕೂಡಿ ಕಡುಗೆಂಪಾಗುತ್ತದೆ. ಹೆಮಟಾಕ್ಸಿಲಿನ್–ಇಯೋಸಿನ್ ಬಣ್ಣದಲ್ಲಿ ಕಣ್ತಪ್ಪಿಹೋಗುವ ಎಳೆಗಳು ಇಲ್ಲಿ ಸ್ಪಷ್ಟವಾಗಿ ಎದ್ದುಕಾಣುತ್ತವೆ. ತೊಡಕೂ ಇಲ್ಲಿಯೇ ಇದೆ. ಬಾಯಿಯ ಮೇಲ್ಪೊರೆಯ ಕೋಶಗಳಲ್ಲಿ ಗ್ಲೈಕೋಜನ್ ಇರುವುದುಂಟು. ಅದೂ ಅದೇ ಕೆಂಪನ್ನು ಹಿಡಿಯುತ್ತದೆ. ಆದುದರಿಂದ ಡಯಾಸ್ಟೇಸಿನಿಂದ ಗ್ಲೈಕೋಜನನ್ನು ಕರಗಿಸಿದ ಇನ್ನೊಂದು ಛೇದವನ್ನು ಪಕ್ಕದಲ್ಲಿಟ್ಟು ನೋಡಬೇಕು. ಶಿಲೀಂಧ್ರದ ಭಿತ್ತಿ ಅದರಲ್ಲಿಯೂ ಉಳಿದಿರುತ್ತದೆ. (ಹಿಂದಿನ ಪ್ರಯೋಗಶಾಲೆಗಳಲ್ಲಿ ಇದಕ್ಕೆ ಲಾಲಾರಸವನ್ನೇ ಬಳಸುತ್ತಿದ್ದುದುಂಟು. ಬಾಯಿಯ ಸಂಶಯವನ್ನು ಬಾಯಿಯ ನೀರೇ ಕಳೆಯುತ್ತಿತ್ತು!) ಈ ಜೋಡಿ ಛೇದವಿಲ್ಲದೆ ಕೆಂಪು ಕಂಡಲ್ಲೆಲ್ಲ ಶಿಲೀಂಧ್ರವೆಂದು ಎಣಿಸಿದ ಅಂಕಿಗಳನ್ನು ನಾವು ನಂಬಲಾರೆವು.

ಗೊಮೋರಿಯ ಬೆಳ್ಳಿ ವಿಧಾನವನ್ನು ಗ್ರೋಕಾಟ್ 1955ರಲ್ಲಿ ಶಿಲೀಂಧ್ರಗಳಿಗೆ ಅಳವಡಿಸಿದರು. ಎಳೆಗಳು ಹಸಿರು ಹಿನ್ನೆಲೆಯ ಮೇಲೆ ಕಪ್ಪಾಗಿ ಮೂಡುತ್ತವೆ. ಆದರೆ ಹೊತ್ತು ಮೀರಿದರೆ ಸುತ್ತಣ ಅಂಗಾಂಶವೂ ಕಪ್ಪೇರುತ್ತದೆ. ಇದು ಪಳಗಿದ ಕೈಯ ಕೆಲಸ. ಕ್ಯಾಲ್ಕೋಫ್ಲೋರ್ ವೈಟ್ ಕೈಟಿನ್ನಿಗೆ ಅಂಟಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಹೊಳೆಯುತ್ತದೆ. ಹತ್ತಿಯ ನಾರೂ ಹಾಗೆಯೇ ಹೊಳೆಯುತ್ತದೆಂಬುದನ್ನು ಮರೆಯಲಾಗದು.

ತುಲನೆಯ ಕ್ರಮದಲ್ಲಿಯೂ ಒಂದು ಲೋಪವಿದೆ. ಒಂದೇ ಜಾಗವನ್ನು ನಾಲ್ಕು ಸಲ ಕೆರೆದು ನಾಲ್ಕು ಗಾಜುಪಟ್ಟಿಗಳನ್ನು ಮಾಡಿದರೆ, ಬಿಳಿಯ ಪೊರೆಯ ಬಹುಭಾಗ ಮೊದಲನೆಯದಕ್ಕೆ ಹೋಗುತ್ತದೆ. ಕೊನೆಯದಕ್ಕೆ ರಕ್ತ ಬೆರೆತ ಅಲ್ಪ ಸ್ವಲ್ಪ ಉಳಿಯುತ್ತದೆ. ಯಾವಾಗಲೂ ಮೊದಲ ಪಟ್ಟಿಗೆ ಒಂದೇ ಬಣ್ಣ ಹಾಕಿದರೆ ಗೆದ್ದದ್ದು ಬಣ್ಣವೊ ಸರದಿಯೊ? ಸರದಿಯನ್ನು ಚೀಟಿಯೆತ್ತಿ ನಿರ್ಧರಿಸುವುದು ಕಷ್ಟವೇನಲ್ಲ. ನೋಡುವವರಿಂದ ಬಣ್ಣವನ್ನು ಮರೆಮಾಡುವುದು ಸಾಧ್ಯವಿಲ್ಲದಿದ್ದರೂ, ರೋಗಿಯ ಸ್ಥಿತಿಯನ್ನು ಮರೆಮಾಡಬಹುದು.

ರೋಗದ ಬಗೆಯನ್ನು ನೋಡದೆ ಬಣ್ಣವನ್ನು ತೂಗುವುದು ಎಲ್ಲಕ್ಕಿಂತ ದೊಡ್ಡ ದೋಷ. ಕಟ್ಟುಹಲ್ಲಿನ ಕೆಳಗೆ ಅಂಗಳು ಕೆಂಪೇರುವ ರೋಗದಲ್ಲಿ ಜೀವಿಗಳು ಹೆಚ್ಚಾಗಿ ಇರುವುದು ಕಟ್ಟಿನ ಒಳಮೈಯಲ್ಲಿ. ಅಂಗಳನ್ನು ಮಾತ್ರ ಕೆರೆದರೆ ಯಾವ ಬಣ್ಣವೂ ಏನನ್ನೂ ತೋರಿಸದೆ ಹೋಗಬಹುದು. ಕೆರೆದರೂ ಹೋಗದ, ದಪ್ಪಗಟ್ಟಿದ ಬಿಳಿಯ ಕಲೆಗಳಲ್ಲಿ ಲೇಪ ಸಾಲದು. ಅಂಗಾಂಶದ ತುಣುಕನ್ನೇ ತೆಗೆದು ಪಿ.ಎ.ಎಸ್. ಹಾಕಬೇಕು. ಅಲ್ಲಿ ಎಳೆ ಕಂಡಿತೆಂದು ನೋಟವನ್ನು ನಿಲ್ಲಿಸಿದರೆ ಅನರ್ಥ. ಕೋಶಗಳು ಅರ್ಬುದದ ಕಡೆಗೆ ತಿರುಗಿವೆಯೆ ಎಂಬುದು ಅದೇ ತುಣುಕಿನಲ್ಲಿ ಪರೀಕ್ಷಿಸಬೇಕಾದ ಇನ್ನೊಂದು ಸಂಗತಿ.

2021ರಲ್ಲಿ ಕೋವಿಡ್ ಬೆನ್ನಿಗೆ ಕರ್ನಾಟಕದಲ್ಲಿಯೂ ಹಬ್ಬಿದ ಮ್ಯೂಕರ್ ರೋಗದಲ್ಲಿ ಲೆಕ್ಕವೇ ಬೇರೆಯಾಯಿತು. ಜನ ಅದನ್ನು ಕಪ್ಪು ಶಿಲೀಂಧ್ರವೆಂದರು. ಕಪ್ಪಾಗುವುದು ಸತ್ತ ಅಂಗಾಂಶವೇ ಹೊರತು ಶಿಲೀಂಧ್ರವಲ್ಲ. ಅಂಗಳಿನ ತುಣುಕಿನೊಳಗೆ ಅಗಲವಾದ, ಅಡ್ಡಗೋಡೆಗಳು ವಿರಳವಾದ, ಬಹುಮಟ್ಟಿಗೆ ಲಂಬಕೋನದಲ್ಲಿ ಕವಲೊಡೆಯುವ ಎಳೆಗಳು ಕಂಡರೆ ಕೃಷಿಗಾಗಿ ಕಾಯುವಂತಿಲ್ಲ. ಕೃಷಿ ಅನೇಕ ವೇಳೆ ಬೆಳೆಯುವುದೂ ಇಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಅದ್ದಿದ ತುಣುಕನ್ನು ಅಂದೇ ನೋಡಿ ಶಸ್ತ್ರಚಿಕಿತ್ಸಕರಿಗೆ ತಿಳಿಸಬೇಕಾಗುತ್ತದೆ. ಕೃಷಿಯನ್ನೇ ಪ್ರಮಾಣವೆಂದು ಹಿಡಿದ ಪ್ರಬಂಧದ ಪಟ್ಟಿಯಲ್ಲಿ ಇಂಥ ರೋಗಿಯ ಲೇಪ 'ತಪ್ಪು ನಿರ್ಣಯ' ಎಂಬ ಅಂಕಣಕ್ಕೆ ಬೀಳುತ್ತದೆ.