ಮುಖವಾಡವಿಲ್ಲದ ನಾರದ

ಬೈಲಕುಪ್ಪೆಯ ನಾಮ್ಡ್ರೋಲಿಂಗ್ ಮಠದಲ್ಲಿ, ಟಿಬೆಟನ್ನರ ಹೊಸವರ್ಷ ಲೋಸರ್‌ಗೆ ಮುಂಚೆ ಚಾಮ್ ನೃತ್ಯ ನಡೆಯುತ್ತದೆ. ನಿನ್ನೆಯವರೆಗೆ ನಮ್ಮೆದುರೇ ಓಡಾಡಿಕೊಂಡಿದ್ದ ಭಿಕ್ಷು ಬಣ್ಣದ ನಿಲುವಂಗಿ, ಭಾರದ ಮುಖವಾಡ ತೊಟ್ಟು ದೇವತೆಯಾಗುತ್ತಾನೆ. ಅದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ನಟ ಅನಂತ್ ನಾಗ್.

1980ರ ಕನ್ನಡ ಚಿತ್ರ ‘ನಾರದ ವಿಜಯ’ದಲ್ಲಿ ಅವರಿಗೆ ಎರಡು ಪಾತ್ರ: ಭೂಲೋಕಕ್ಕಿಳಿದ ನಾರದ, ಅವನದೇ ರೂಪದ ವಿಜಯ. ದೇವರ್ಷಿಯನ್ನು ಜನ ವಿಜಯನೆಂದುಕೊಳ್ಳುತ್ತಾರೆ. ನಗೆ ಉಕ್ಕುವುದು ಆ ಎಡವಟ್ಟಿನಿಂದ. 2003ರ ಹಾಲಿವುಡ್ ಚಿತ್ರ ‘ಬ್ರೂಸ್ ಆಲ್ಮೈಟಿ’ಯಲ್ಲಿ ಸಾಮಾನ್ಯನಿಗೆ ದೈವಶಕ್ತಿ ಸಿಕ್ಕಿತು. ನಮ್ಮಲ್ಲಿ ಅದಕ್ಕೂ 23 ವರ್ಷ ಮೊದಲೇ ದೇವಲೋಕದವನು ಸಾಮಾನ್ಯನಾಗಿ ಪಾಡು ಪಟ್ಟಿದ್ದ.

ಇಲ್ಲಿ ಮುಖವಾಡವಿಲ್ಲ. ಇರುವುದು ಒಂದೇ ಮುಖ. ಮೂರು ಲೋಕ ಸುತ್ತಿದವನ ಬೆರಗು ಬೇರೆ, ಈ ಕಾಲದ ಹುಡುಗನ ಚುರುಕು ಬೇರೆ ಎಂಬುದನ್ನು ಅನಂತ್ ಕಣ್ಣಿನಲ್ಲಿ, ನಡಿಗೆಯಲ್ಲಿ, ಮಾತಿನ ಏರಿಳಿತದಲ್ಲಿ ಕಾಣಿಸುತ್ತಾರೆ. ದೇವರ ಪಾತ್ರಕ್ಕೆ ಹಾಸ್ಯ ಬೆರೆಸುವುದು ಕತ್ತಿಯ ಅಲಗಿನ ಮೇಲಿನ ನಡಿಗೆ. ತುಸು ಹೆಚ್ಚಾದರೂ ಅಪಹಾಸ್ಯ. ಈ ಚಿತ್ರದ ನಿರ್ದೇಶಕ, ‘ಬಂಗಾರದ ಮನುಷ್ಯ’ ಕೊಟ್ಟ ಸಿದ್ದಲಿಂಗಯ್ಯ ಆ ಹದ ಬಲ್ಲವರು. ನಾರದನನ್ನು ನೋಡಿ ನಾವು ನಗುತ್ತೇವೆ, ಆದರೆ ಅವನ ಮೇಲಿನ ಪ್ರೀತಿ ಒಂದಿಷ್ಟೂ ಕರಗುವುದಿಲ್ಲ. ಅಶ್ವತ್ಥ್–ವೈದಿ ಸಂಗೀತವೂ ಅದಕ್ಕೆ ಜೊತೆಯಾಗಿದೆ.

ಕನ್ನಡದ ನಗೆಚಿತ್ರಗಳಲ್ಲಿ ನನ್ನ ಮಟ್ಟಿಗೆ ಇದಕ್ಕೇ ಮೊದಲ ಮಣೆ.