ಎಲ್ಲ ಉತ್ತರಗಳೂ ಏಕಕಾಲಕ್ಕೆ?

ಸಿಲಿಕಾನ್ ಗಣಕದ ನಂತರ ಏನು ಎಂಬ ಪ್ರಶ್ನೆ ಬಂದಾಗಲೆಲ್ಲ ಕ್ವಾಂಟಂ ಗಣಕ ಮತ್ತು ಜೈವಿಕ ಗಣಕಗಳನ್ನು ಎದುರಾಳಿಗಳಂತೆ ನಿಲ್ಲಿಸುವುದು ರೂಢಿಯಾಗಿದೆ. ಎರಡಕ್ಕೂ ಕೊಡುವ ವಿವರಣೆ ಮಾತ್ರ ಒಂದೇ: 'ಸಾಧ್ಯವಿರುವ ಎಲ್ಲ ಉತ್ತರಗಳನ್ನೂ ಅದು ಏಕಕಾಲಕ್ಕೆ ಪರೀಕ್ಷಿಸುತ್ತದೆ.' ಪಾಠ ಹೇಳುವಾಗ ನೀವೂ ಈ ವಾಕ್ಯವನ್ನು ಬಳಸಿರಬಹುದು. ಇದನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಡಿಎನ್‌ಎ ಗಣನೆ. 1994ರಲ್ಲಿ ಅಮೆರಿಕದ ಲಿಯೊನಾರ್ಡ್ ಏಡಲ್‌ಮನ್ ಏಳು ಊರುಗಳನ್ನು ತಲಾ ಒಮ್ಮೆ ಮಾತ್ರ ಹಾದುಹೋಗುವ ದಾರಿಯನ್ನು ಪ್ರನಾಳದಲ್ಲಿ ಕಂಡುಹಿಡಿದರು. ಊರು, ರಸ್ತೆಗಳನ್ನು ಪ್ರತಿನಿಧಿಸುವ ಡಿಎನ್‌ಎ ತುಣುಕುಗಳು ತಾವಾಗಿಯೇ ಜೋಡಿಕೊಂಡು ಬಗೆಬಗೆಯ ದಾರಿಗಳನ್ನು ರಚಿಸಿದವು. ಸರಿಯಾದುದನ್ನು ಬೇರ್ಪಡಿಸಲು ಸುಮಾರು ಏಳು ದಿನಗಳ ಪ್ರಯೋಗಾಲಯದ ಕೆಲಸ ಬೇಕಾಯಿತು. ಇಲ್ಲಿ ಮೇಲಿನ ವಾಕ್ಯ ಬಹುಮಟ್ಟಿಗೆ ನಿಜ. ಆದರೆ ಪ್ರತಿಯೊಂದು ದಾರಿಗೂ ಒಂದು ಅಣು ಬೇಕಲ್ಲವೆ? ಇದೇ ವಿಧಾನದಿಂದ 200 ಊರುಗಳ ಸಮಸ್ಯೆಯನ್ನು ಬಿಡಿಸಲು ಬೇಕಾಗುವ ಡಿಎನ್‌ಎ ಭೂಮಿಗಿಂತ ಹೆಚ್ಚು ತೂಗುತ್ತದೆ ಎಂದು ಯೂರಿಸ್ ಹಾರ್ಟ್‌ಮಾನಿಸ್ 1995ರಲ್ಲಿ ಲೆಕ್ಕ ಹಾಕಿದರು. ಕಾಲದಲ್ಲಿ ಉಳಿಸಿದ್ದನ್ನು ದ್ರವ್ಯರಾಶಿಯಲ್ಲಿ ತೆರಬೇಕಾಯಿತು.

ಕ್ವಾಂಟಂ ಗಣಕದ ವಿಷಯದಲ್ಲಾದರೋ ಆ ವಾಕ್ಯವೇ ದಾರಿ ತಪ್ಪಿಸುತ್ತದೆ. ಎಲ್ಲ ಸಾಧ್ಯತೆಗಳ ಅಧ್ಯಾರೋಪವಿದ್ದರೂ ಅಳತೆ ಮಾಡಿದಾಗ ಸಿಗುವುದು ಒಂದೇ ಫಲಿತಾಂಶ. ಯಂಗ್‌ನ ಜೋಡಿಸೀಳು ಪ್ರಯೋಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಅಲೆಗಳು ಕೆಲವೆಡೆ ಪರಸ್ಪರ ಅಳಿಸಿಹೋಗುತ್ತವೆ, ಕೆಲವೆಡೆ ಬಲಗೊಳ್ಳುತ್ತವೆ. ಪೀಟರ್ ಶೋರ್ 1994ರಲ್ಲಿ ನೀಡಿದ ಅಪವರ್ತನ ವಿಧಾನವೂ ಇಂತಹ ವ್ಯತಿಕರಣದಿಂದಲೇ ತಪ್ಪು ಉತ್ತರಗಳನ್ನು ಅಳಿಸುತ್ತದೆ. ಸಮಸ್ಯೆಯೊಳಗೆ ಒಂದು ಆವರ್ತ ಅಡಗಿರುವುದರಿಂದ ಇದು ಸಾಧ್ಯ. ಅಂತಹ ರಚನೆಯಿಲ್ಲದ ಹುಡುಕಾಟದಲ್ಲಿ ಲವ್ ಗ್ರೋವರ್ ಅವರ 1996ರ ವಿಧಾನದಿಂದ ಹತ್ತು ಲಕ್ಷ ಹೆಜ್ಜೆಗಳ ಕೆಲಸ ಸುಮಾರು ಒಂದು ಸಾವಿರಕ್ಕೆ ಇಳಿಯುತ್ತದೆ, ಅಷ್ಟೆ.

ಹಾಗಾದರೆ ಭವಿಷ್ಯ? ಕ್ವಾಂಟಂ ಗಣಕದ ಮುಖ್ಯ ಅಡ್ಡಿ ದೋಷ. ದೋಷ ತಿದ್ದಲು ಹೆಚ್ಚು ಕ್ಯುಬಿಟ್‌ಗಳನ್ನು ಬಳಸಿದಂತೆ ದೋಷದ ಪ್ರಮಾಣ ಇಳಿಯುವುದನ್ನು ಗೂಗಲ್‌ನ 105 ಕ್ಯುಬಿಟ್‌ಗಳ 'ವಿಲೋ' ಚಿಪ್ 2024ರಲ್ಲಿ ತೋರಿಸಿತು. ಇದು ತಂತ್ರಜ್ಞಾನ ದಾಟಬಹುದಾದ ಅಡ್ಡಿ. ಡಿಎನ್‌ಎ ಗಣಕದ ತೂಕದ ಅಡ್ಡಿಯಾದರೋ ಗಣಿತದ್ದು. ಎಲ್ಲ ದಾರಿಗಳನ್ನೂ ಅಣುಗಳಲ್ಲೇ ಬರೆಯುವವರೆಗೂ ಅದು ಹೋಗದು. ಡಿಎನ್‌ಎಯ ಭವಿಷ್ಯ ಬೇರೆಡೆ ಇದೆ: ದತ್ತಾಂಶ ಸಂಗ್ರಹದಲ್ಲಿ, ರೋಗದ ಗುರುತು ಕಂಡಾಗ ಮಾತ್ರ ಔಷಧ ಬಿಡುಗಡೆ ಮಾಡುವ ಆಣವಿಕ ಯಂತ್ರಗಳಲ್ಲಿ. ಎಹುದ್ ಶಪೀರೊ ಅವರ ತಂಡ 2004ರಲ್ಲಿ ಇಂತಹುದೊಂದನ್ನು ಪ್ರನಾಳದಲ್ಲಿ ಮಾಡಿ ತೋರಿಸಿತ್ತು.

ಆದ್ದರಿಂದ ಅಧ್ಯಾಪಕ ಮಿತ್ರರೇ, ಹೊಸ ಗಣಕವೊಂದರ ಸುದ್ದಿ ಬಂದಾಗ ಅದು ಎಷ್ಟು ವೇಗದ್ದು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಯಾವ ಸಮಸ್ಯೆಗೆ, ಯಾವ ಬೆಲೆ ತೆತ್ತು ಎಂದು ವಿದ್ಯಾರ್ಥಿಗಳಿಂದಲೇ ಕೇಳಿಸಿ.